ಎಳೆಯದು, ಬಲಿತದ್ದು

ಬೆಂಡೆಕಾಯಿಯ ತೊಟ್ಟು ತೆಗೆಯುತ್ತ ನಿಂತಿದ್ದೆ. ಹಿಂದಿನ ದಿನ ಅತ್ತೆ ಮಾವ ತೋಟದಿಂದ ತಂದ ಕಾಯಿ. ಒಂದೊಂದೂ ಕಿರುಬೆರಳಿನಷ್ಟು, ತುದಿಯನ್ನು ಬಗ್ಗಿಸಿದರೆ ಟಕ್ಕೆಂದು ಮುರಿಯುತ್ತಿತ್ತು. ಇನ್ನೊಂದು ಹಿಡಿ ಉಳಿದಿರುವಾಗ ಬೆನ್ನ ಹಿಂದೆ ಹಾಲಿನ ಪಾತ್ರೆ ನೆಲಕ್ಕಪ್ಪಳಿಸಿತು.

ಹಾಲು ಹರಿದು ಬಂದು ನನ್ನ ಕಾಲ್ಬೆರಳುಗಳ ಸಂದಿಗೆ ಸೇರಿತು. ಅತ್ತೆ ಬಲಗೈಯನ್ನು ಎಡಗೈಯಲ್ಲಿ ಅವುಚಿಕೊಂಡು ನಿಂತಿದ್ದರು. ಅಂಥ ಸೆಕೆಯಲ್ಲೂ ಸೀರೆಯ ಮೇಲೆ ಮಣಿಕಟ್ಟು ಮುಚ್ಚುವಷ್ಟು ಉದ್ದ ತೋಳಿನ ಅಂಗಿ. ಬಲವಂತವಾಗಿ ಕೈ ಬಿಡಿಸಿ ನೋಡಿದೆ. ಎರಡು ಬೆರಳು ಊದಿಕೊಂಡಿದ್ದವು, ಉಗುರಿನಡಿ ರಕ್ತ ಹೆಪ್ಪುಗಟ್ಟಿ ಕಪ್ಪಾಗಿತ್ತು.

“ಏನಾಯ್ತು ಅತ್ತೆ?”

“ಕಾರಿನ ಬಾಗಿಲಿಗೆ ಸಿಕ್ತು ಕಣೇ. ನನ್ನ ಬುದ್ಧಿಗಿಷ್ಟು.”

“ಬಾಗಿಲು ಹಾಕಿದ್ಯಾರು?”

“ಯಾರೋ ಹಾಕ್ತಾರೆ, ಬಾಗಿಲು ಇರೋದೇ ಹಾಕೋಕೆ. ಮೊದಲು ಹಾಲು ಒರೆಸು, ಜಾರಿಬಿದ್ದೀಯ.”

ಅತ್ತೆ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ದುಡಿದು ನಿವೃತ್ತರಾದವರು. ಒಂದೇ ಕೈಯಲ್ಲಿ, ಹಲ್ಲಿನಿಂದ ಪಟ್ಟಿಯ ತುದಿ ಕಚ್ಚಿ ಹಿಡಿದು, ತಮ್ಮ ಬೆರಳಿಗೆ ತಾವೇ ಬಟ್ಟೆ ಸುತ್ತಿಕೊಂಡರು. ಸುತ್ತು ತೀರ ಅಚ್ಚುಕಟ್ಟಾಗಿತ್ತು. ಅದು ಮೊದಲ ಸಲ ಕಟ್ಟಿಕೊಂಡ ಕೈಯಲ್ಲ.

ಮಗಳು ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಿದ್ದಳು. ಗಾತ್ರ ಚಿಕ್ಕದು, ಬಾಯಿ ಖಾರ ಎಂದು ಎಲ್ಲರೂ ಅವಳನ್ನು ಮೆಣಸು ಎಂದೇ ಕರೆಯುತ್ತಿದ್ದರು. ಆ ಬೇಸಿಗೆಯಲ್ಲಿ ಮೆಣಸಿನ ಖಾರವೆಲ್ಲ ಎಲ್ಲೋ ಹೋಗಿತ್ತು.

“ಅಮ್ಮಾ, ಒಂದು ಕೇಳ್ಲಾ?”

“ಕೇಳು ಮರಿ.”

ಅವಳು ನನ್ನ ಮುಂದಿದ್ದ ಬೆಂಡೆಕಾಯಿ ನೋಡಿದಳು. ಅಜ್ಜಿಯ ಕೈ ನೋಡಿದಳು.

“ಏನಿಲ್ಲ” ಎಂದು ಹೊರಟುಹೋದಳು.

ಮಾವ ನಿವೃತ್ತ ಬಸ್ ಚಾಲಕರು. ಕೆಲಸ ಬಿಟ್ಟ ಮೇಲೆ ಒಂದು ಹಳೆಯ ಕಾರು ಕೊಂಡು, ಬೇಸಿಗೆ ಬಂತೆಂದರೆ ಹೆಂಡತಿಯನ್ನು ಕೂರಿಸಿಕೊಂಡು ಊರಾಚೆಯ ತೋಟಗಳಿಗೆ ಹೊರಡುತ್ತಿದ್ದರು. ಅಲ್ಲಿ ಯಾರು ಬೇಕಾದರೂ ಸಾಲಿಗಿಳಿದು ತರಕಾರಿ ತಾವೇ ಕೊಯ್ದುಕೊಳ್ಳಬಹುದು. ಚಪ್ಪರದ ಕೆಳಗೆ ಕೂತ ತೋಟದವಳು ತೂಗಿ ಕೊಡುತ್ತಾಳೆ. ನೀರಿನ ಬಾಟಲಿ, ಹ್ಯಾಟು, ಮಡಚುವ ಕುರ್ಚಿ ಎಲ್ಲ ಹೇರಿಕೊಂಡು ಇಬ್ಬರೂ ಮೆಟ್ಟಿಲಿಳಿದರೆ ಕೆಳಮನೆಯ ದರ್ಜಿ ಹೊಲಿಗೆ ನಿಲ್ಲಿಸಿ ಕೂಗುತ್ತಿದ್ದ: “ಹೊಸ ಜೋಡಿ ಹೊರಡ್ತಪ್ಪಾ! ದಾರಿ ಬಿಡಿ!” ಮಾವ ಹಾರ್ನ್ ಬಾರಿಸಿ ನಗುತ್ತಿದ್ದರು. ಅತ್ತೆಯೂ ನಗುತ್ತಿದ್ದರು. ಶಾಲೆಗೆ ರಜೆ ಬಂದ ಮೇಲೆ ಮೆಣಸೂ ಹಿಂದಿನ ಸೀಟಿಗೆ ಹತ್ತತೊಡಗಿದಳು. ಮಗುವಿಗೆ ಗಾಳಿ ಬೆಳಕು ಸಿಗುತ್ತದೆ ಎಂದು ನಾನೇ ಕಳಿಸುತ್ತಿದ್ದೆ.

ಮೊದಮೊದಲು ಬರುತ್ತಿದ್ದುದೆಲ್ಲ ಬಲಿತ ಕಾಯಿ. ಗೇಣುದ್ದದ ಬೆಂಡೆ, ಬೀಜ ತುಂಬಿ ಹಳದಿಗೆ ತಿರುಗಿದ ಸೌತೆ, ನಾರು ಎಳೆದರೆ ದಾರದಂತೆ ಬರುವ ಹುರುಳಿಕಾಯಿ. ಮಾವನಿಗೆ ದೊಡ್ಡದರ ಮೇಲೆ ಆಸೆ ಎಂದುಕೊಂಡು ನಾನು ಇನ್ನಷ್ಟು ಹೊತ್ತು ಬೇಯಿಸುತ್ತಿದ್ದೆ. ಒಂದು ದಿನ ಊಟಕ್ಕೆ ಕೂತಾಗ ಮೆಣಸು ಬಾಯಲ್ಲಿದ್ದುದನ್ನು ತಟ್ಟೆಗೆ ಉಗಿದಳು.

“ಅಜ್ಜಾ, ಇದು ಬೆಂಡೆಕಾಯಲ್ಲ, ಪೊರಕೆ ಕಡ್ಡಿ!”

ಎಲ್ಲರೂ ನಕ್ಕೆವು. ಮಾವ ನಗುತ್ತಲೇ ಮೇಜಿಗೆ ಗುದ್ದಿದರು. ಲೋಟಗಳು ಎಗರಿ ಬಿದ್ದವು. “ಆರಿಸಿದ್ದು ನಾನು ಕಣೇ! ಜೋಕಾ ನಿಂಗೆ?” ಎಂದರು. ಅತ್ತೆ ಚೆಲ್ಲಿದ ನೀರು ಒರೆಸುತ್ತ, “ಮುಂದಿನ ಸಲ ಎಳೆಯದು ತರ್ತೀನಿ ಬಂಗಾರಿ. ನಾನೇ ಆರಿಸ್ತೀನಿ” ಎಂದರು.

ಮುಂದಿನ ಸಲ ಎಳೆಯದೇ ಬಂತು. ಅವತ್ತಿನಿಂದ ಅತ್ತೆ ಉದ್ದ ತೋಳಿನ ಅಂಗಿ ಹಾಕಿಕೊಳ್ಳತೊಡಗಿದರು. “ಬಿಸಿಲಿಗೆ ಮೈ ಕಪ್ಪಾಗುತ್ತೆ” ಎಂದರು. ಈ ವಯಸ್ಸಿಗೆ ಬಣ್ಣದ ಚಿಂತೆಯಾ ಎಂದು ನಾನು ಛೇಡಿಸಿದೆ.

ಅದರಾಚೆಯ ಸಲ ಹುರುಳಿಕಾಯಿ, ಬರೀ ನಾರು. ಅತ್ತೆ ಹಾಡು ಗುನುಗುತ್ತ ಬಟ್ಟೆ ಮಡಚಿದರು. ಆಮೇಲೆ ಎಳೆ ಸೌತೆ ಬಂತು, ಮೇಲೆ ಇನ್ನೂ ಮುಳ್ಳು ಉದುರದಂಥದ್ದು. ಅತ್ತೆಯ ಕೆಳತುಟಿ ಸೀಳಿತ್ತು. “ಕೊಂಬೆ ಬಡೀತು” ಎಂದರು. ಸೌತೆ ಬಳ್ಳಿಗೆ ಕೊಂಬೆ ಎಲ್ಲಿಂದ ಬರಬೇಕು? ಮತ್ತೆ ಬಲಿತ ಬದನೆ, ಅತ್ತೆ ಆರಾಮ. ಆಮೇಲೆ ಈ ಕಿರುಬೆರಳಿನಂಥ ಬೆಂಡೆ, ಈ ಜಜ್ಜಿಹೋದ ಬೆರಳು.

ತರಕಾರಿ ಹೆಚ್ಚುವವಳು ನಾನು. ಬೇರೆ ಯಾರಿಗೆ ತಿಳಿಯಬೇಕು? ನೆಲದ ಹಾಲು ಒರೆಸುತ್ತ ಎಲ್ಲವನ್ನೂ ಜೋಡಿಸಿ ನೋಡಿದಾಗ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಎಳೆಯದು ಮನೆಗೆ ಬಂದ ದಿನ ಅತ್ತೆಗೆ ಪೆಟ್ಟು ಬಿದ್ದಿರುತ್ತದೆ.

ಇವರು ಮುದ್ರಣಾಲಯದಿಂದ ಬಂದ ಮೇಲೆ ಹೇಳಿದೆ. ಇವರು ಬೆರಳ ಶಾಯಿ ತೊಳೆಯುತ್ತ ನಕ್ಕುಬಿಟ್ಟರು.

“ಅಪ್ಪನಾ? ಅಪ್ಪನ ಬಾಯಿ ಜೋರು ಕಣೇ, ಕೈಯಲ್ಲ. ಬೆಂಡೆಕಾಯಿ ನೋಡಿ ಭವಿಷ್ಯ ಹೇಳ್ತೀಯಲ್ಲ, ರಸ್ತೆ ಪಕ್ಕ ಕೂತ್ರೆ ಚೆನ್ನಾಗಿ ಗಿರಾಕಿ ಸಿಗ್ತಾರೆ.”

“ಅಮ್ಮನ ಕೈ ನೋಡಿದ್ರಾ?”

“ಕೇಳಿದೆ. ಬಾಗಿಲಿಗೆ ಸಿಕ್ತು ಅಂದ್ರಲ್ಲ.”

ಸರಿ, ಕಣ್ಣಾರೆ ಕಂಡೇ ಹೇಳುತ್ತೇನೆ ಎಂದು ಮುಂದಿನ ಸಲ ನಾನೂ ಕಾರು ಹತ್ತಿದೆ. ಅವತ್ತು ಇವರಿಗೆ ವಾರದ ರಜೆ. “ಸೊಸೆಗೂ ಗಾಳಿ ಬೇಕಂತೆ!” ಎಂದು ಮಾವ ಖುಷಿಯಾದರು. ದಾರಿಯುದ್ದಕ್ಕೂ ನನ್ನ ಜೀವ ಬಾಯಿಗೆ ಬಂದಿತ್ತು. ತಿರುವಿನಲ್ಲಿ ಸೈಕಲ್ಲಿನವನೊಬ್ಬ ಕೂಗಿಕೊಂಡು ಚರಂಡಿಗೆ ಹಾರಿದ. ಮಾವನಿಗೆ ಅವನು ಕಂಡದ್ದು ಅವನ ಕೂಗು ಕೇಳಿದ ಮೇಲೆ. “ಕುಡುಕ ನನ್ಮಗ” ಎಂದು ಬೈದು ಮುಂದೆ ಹೋದರು. ಅತ್ತೆ ಹಿಂತಿರುಗಿ ಚರಂಡಿಯ ಕಡೆ ನೋಡಿದರು. ಮೆಣಸು ನನ್ನ ತೊಡೆಯನ್ನು ಉಗುರು ನಾಟುವಂತೆ ಹಿಡಿದಿದ್ದಳು.

ತೋಟದಲ್ಲಿ ಮಾವ ಬೆಂಡೆ ಸಾಲಿನಲ್ಲಿ ಮುಂದೆ, ಅತ್ತೆ ಕ್ರೇಟು ಹಿಡಿದು ಹಿಂದೆ. ಮಾವ ಬಗ್ಗಿ ಎಲೆ ಸರಿಸಿ ತಡಕುತ್ತಿದ್ದರು. ಮೂಗಿನ ಮುಂದಿದ್ದ ಎಳೆಕಾಯಿ ಬಿಟ್ಟು, ಗೇಣುದ್ದದ್ದನ್ನು ಮಾತ್ರ ಚಟಚಟನೆ ಮುರಿದು ಹಿಂದಕ್ಕೆಸೆಯುತ್ತಿದ್ದರು. ಆಗ ಹೊಳೆಯಿತು. ಮಾವನಿಗೆ ದೊಡ್ಡದು ಬೇಕಾಗಿರಲಿಲ್ಲ, ದೊಡ್ಡದು ಮಾತ್ರ ಕಾಣುತ್ತಿತ್ತು. ಜೀವಮಾನವಿಡೀ ಬಸ್ಸು ತುಂಬ ಜನರನ್ನು ಕಣ್ಣಿನ ಭರವಸೆಯ ಮೇಲೆ ಸಾಗಿಸಿದ ಮನುಷ್ಯನಿಗೆ ಕಣ್ಣು ಹೋಗುತ್ತಿತ್ತು. ಅದು ಗೊತ್ತಿದ್ದವರು ಅತ್ತೆ ಒಬ್ಬರೇ.

ಅತ್ತೆ ಪಟ್ಟಿ ಸುತ್ತಿದ ಕೈಯಲ್ಲೇ ಕ್ರೇಟಿನಿಂದ ಬಲಿತದ್ದನ್ನು ಸದ್ದಿಲ್ಲದೆ ಸಾಲಿಗೆ ಬಿಟ್ಟು, ಎಳೆಯದನ್ನು ಕೊಯ್ದು ತುಂಬುತ್ತಿದ್ದರು. ನಾನು “ಬೇಡ” ಎಂದು ಕಣ್ಸನ್ನೆ ಮಾಡಿದೆ. ಅವರು ಮೆಣಸಿನ ಕಡೆ ನೋಡಿ ಸಣ್ಣಗೆ ನಕ್ಕರು.

ಚಪ್ಪರದಡಿ ತೋಟದವಳು ತೂಗುವಾಗ ಸಾಲಿನತ್ತ ಕತ್ತು ಚಾಚಿದಳು.

“ಏನ್ ಯಜಮಾನ್ರೇ, ಬೀಜಕ್ಕೆ ಅಂತ ಬಿಟ್ಟಿದ್ದನ್ನೆಲ್ಲ ಮುರಿದು ಸಾಲಲ್ಲಿ ಎಸೆದಿದ್ದೀರಲ್ಲಾ! ಕನ್ನಡಕ ಮನೇಲಿ ಬಿಟ್ಟು ಬಂದ್ರಾ?”

ಸುತ್ತ ನಿಂತವರು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾವ. “ನನ್ನ ಕಣ್ಣಿಗೇನಾಗಿದೆ ತಾಯಿ, ನಮ್ಮವಳ ಹಲ್ಲು ಹೋಗಿದೆ, ಅವಳಿಗೆ ಎಳೆಯದೇ ಬೇಕು!” ಇನ್ನಷ್ಟು ನಗು. ಕ್ರೇಟು ಎತ್ತಿಕೊಂಡು, “ಬಾರೇ” ಎಂದು ಅತ್ತೆಯನ್ನು ಕರೆದು, ಪಂಪ್‌ಶೆಡ್ಡಿನ ಹಿಂದೆ ನಿಲ್ಲಿಸಿದ್ದ ಕಾರಿನ ಕಡೆ ನಡೆದರು.

ನಾನು ಮೆಣಸಿನ ಮಣ್ಣು ಮೆತ್ತಿದ ಕೈ ತೊಳೆಸಲು ಕೊಳಾಯಿ ತಿರುಗಿಸಿದೆ. “ಕೈ ಕೊಡು” ಎಂದೆ. ಕೊಡಲಿಲ್ಲ. ಎರಡೂ ಕಿವಿಗೆ ಬೆರಳು ತುರುಕಿಕೊಂಡು ಕಣ್ಣು ಮುಚ್ಚಿ ನಿಂತಿದ್ದಳು. ಇನ್ನೂ ಯಾವ ಸದ್ದೂ ಆಗಿರಲಿಲ್ಲ.

ನಾನು ಓಡಿದೆ.

ಮಾವ ಅತ್ತೆಯ ಕುತ್ತಿಗೆಯನ್ನು ಹಿಂದಿನಿಂದ ಹಿಡಿದು ಕಾರಿಗೆ ಒತ್ತಿದ್ದರು. ಇನ್ನೊಂದು ಕೈಯಲ್ಲಿ ಹಸಿ ಬೆಂಡೆಕಾಯಿಯನ್ನು ಮುಷ್ಟಿಗಟ್ಟಲೆ ಬಾಯಿಗೆ ತುರುಕುತ್ತಿದ್ದರು. “ತಿನ್ನು. ಎಳೆಯದು ತಾನೇ? ತಿನ್ನು. ನಾಲ್ಕು ಜನರ ಮುಂದೆ ನನ್ನ ಕುರುಡ ಅನ್ನಿಸ್ತೀಯಾ? ತಿನ್ನು!” ಪ್ರತಿ ಮಾತಿಗೂ ತಲೆ ತಗಡಿಗೆ ಬಡಿಯುತ್ತಿತ್ತು. ಅತ್ತೆಯ ಗಲ್ಲದ ಮೇಲೆ ಲೋಳೆಯೂ ರಕ್ತವೂ ಒಟ್ಟಿಗೆ ಇಳಿಯುತ್ತಿದ್ದವು. ಉಸಿರು ಕಟ್ಟಿ ಗಂಟಲು ಗೊರಗೊರ ಎನ್ನುತ್ತಿತ್ತು. ಕೂಗು ಮಾತ್ರ ಇಲ್ಲ.

ನಾನು ಆ ತೋಳಿಗೆ ಜೋತುಬಿದ್ದೆ. ಅವರು ಕೊಡವಿದರು, ಮೊಣಕೈ ನನ್ನ ದವಡೆಗೆ ಬಡಿದು ಕಣ್ಣು ಕತ್ತಲೆಯಾಯಿತು. ಮತ್ತೆ ಹಿಡಿದೆ. ಈ ಸಲ ಬಾಯಿಯಿಂದ ಕಚ್ಚಿದೆ.

“ಯಾರದು?” ಎಂದರು ಮಾವ. ಅಷ್ಟು ಹತ್ತಿರದಲ್ಲಿ ನಿಂತ ಸೊಸೆಯ ಮುಖ ಅವರಿಗೆ ತಿಳಿಯಲಿಲ್ಲ.

“ನಾನು ಮಾವ. ಬಿಡಿ ಅವರನ್ನ.”

ಕೈ ಸಡಿಲವಾಯಿತು. ಅತ್ತೆ ಕುಸಿದು ಕೂತು ಬಾಯಲ್ಲಿದ್ದುದನ್ನೆಲ್ಲ ಕಕ್ಕಿದರು. ಮಾವ ಅಂಗಿಯ ಕಾಲರು ಸರಿಮಾಡಿಕೊಂಡು, “ಬಿಸಿಲಿಗೆ ತಲೆ ತಿರುಗಿದೆ ಇವಳಿಗೆ, ನೀರು ಕುಡಿಸು” ಎಂದರು. ಚೆಲ್ಲಿದ ಕಾಯಿಗಳನ್ನು ನೆಲದಲ್ಲಿ ತಡಕಿ ತಡಕಿ ಕ್ರೇಟಿಗೆ ತುಂಬಿದರು. ನಾವು ಯಾರೂ ಕಾರು ಹತ್ತುವುದಿಲ್ಲ ಎಂದಾಗ ಒಬ್ಬರೇ ಹೊರಟುಹೋದರು.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತರು.

“ಕಣ್ಣು ಹೋದ ಮೇಲಾ ಇದೆಲ್ಲ?” ಎಂದು ಕೇಳಿದೆ.

“ಮೊದಲೂ ಇತ್ತು. ಆಗ ಬಸ್ಸಲ್ಲೇ ಇರ್ತಿದ್ರು, ಮನೇಲಿರೋದೇ ಕಮ್ಮಿ. ಮನೇಲಿ ನೀವೆಲ್ಲ ಇರ್ತೀರ ಅಂತ ಈಗ ಹೊರಗೆ.”

“ಇವತ್ತು ನಿಮ್ಮ ಮಗನಿಗೆ ಹೇಳ್ಲೇಬೇಕು.”

“ಊಟ ಆಗ್ಲಿ ತಾಯಿ. ಊಟ ಆದ್ಮೇಲೆ ನಾನೇ ಹೇಳ್ತೀನಿ. ನನ್ನಾಣೆ, ನೀನು ಬಾಯಿ ತೆಗೀಬೇಡ.” ಸೆರಗಿನಿಂದ ತುಟಿ ಒತ್ತಿಕೊಂಡರು. ಅವರು ಹೇಳುವುದಿಲ್ಲವೆಂದು ನನಗೆ ಗೊತ್ತಿತ್ತು. ಹೇಳದಿದ್ದರೆ ಮುಂದಿನ ಸಲ ಆ ಶೆಡ್ಡಿನ ಹಿಂದಿನಿಂದ ಅತ್ತೆ ಎದ್ದು ಬರುತ್ತಾರೋ ಇಲ್ಲವೋ. ಮೆಣಸು ನಮ್ಮಿಬ್ಬರ ನಡುವೆ ಕೂತು ಎಲ್ಲ ಕೇಳಿಸಿಕೊಂಡಳು.

“ಅಮ್ಮಾ, ಒಂದು ಕೇಳ್ಲಾ?”

“ಕೇಳು.”

“ಮನೇಲಿ ಕೇಳ್ತೀನಿ.”

ಮನೆಯಲ್ಲಿ ಮಾವ ಸ್ನಾನ ಮಾಡಿ ಮಗನ ಜೊತೆ ಹರಟುತ್ತಿದ್ದರು. “ಹೆಂಗಸರಿಗೆ ಬಸ್ಸಿನ ಸವಾರಿ ಬೇಕಿತ್ತಂತೆ, ನಾನೇನು ಮಾಡ್ಲಿ” ಎಂದು ಆಗಲೇ ಹೇಳಿಯಾಗಿತ್ತು. ಅತ್ತೆ ಮುಖ ತೊಳೆದು, ತಲೆಸುತ್ತಿ ಬಿದ್ದೆ ಎಂದರು. ಇವರು ಗಾಬರಿಯಾಗಿ ನೀರು ತಂದುಕೊಟ್ಟರು, ನನ್ನ ದವಡೆಯ ಕಡೆ ಎರಡು ಸಲ ನೋಡಿದರು. ನಾನು ಅಡುಗೆಮನೆಗೆ ಹೋಗಿ ಅದೇ ಬೆಂಡೆಕಾಯಿ ತೊಳೆದೆ. ಕೆಲವಕ್ಕೆ ಮಣ್ಣು ಮೆತ್ತಿತ್ತು. ಒಂದರ ಮೇಲೆ ಹಲ್ಲಿನ ಗುರುತಿತ್ತು. ಅದನ್ನು ತೆಗೆದಿಟ್ಟುಕೊಂಡೆ. ಅತ್ತೆ ಆಣೆ ಹಾಕಿದರೂ ಸರಿ, ಊಟದ ನಡುವೆ ಅದನ್ನು ಮೇಜಿನ ಮೇಲಿಟ್ಟು ಮಾತು ತೆಗೆಯುತ್ತೇನೆ ಎಂದು ನಿಶ್ಚಯಿಸಿದೆ.

ಎಲ್ಲರೂ ಕೂತೆವು. ಇವರು ಮೊದಲ ತುತ್ತಿಗೇ ಹುಬ್ಬೇರಿಸಿದರು.

“ಬೆಣ್ಣೆ ಥರ ಇದೆಯಲ್ಲೇ! ಅಪ್ಪ, ಇವತ್ತು ಭರ್ಜರಿಯಾಗಿ ಆರಿಸಿದ್ದೀರ.”

“ಮತ್ತೆ? ಕಣ್ಣಿರಬೇಕು ಆರಿಸೋಕೆ” ಎಂದರು ಮಾವ.

ಅತ್ತೆ ಮಾವನ ತಟ್ಟೆಗೆ ಇನ್ನಷ್ಟು ಪಲ್ಯ ಬಡಿಸಿದರು. ಮುಷ್ಟಿಯಲ್ಲಿದ್ದ ಆ ಕಾಯಿಯನ್ನು ಮೇಜಿನ ಮೇಲಿಡಲು ನಾನು ಕೈ ಎತ್ತಿದೆ. ಅಷ್ಟರಲ್ಲಿ ಮೆಣಸು ತನ್ನ ತಟ್ಟೆಯನ್ನು ಎರಡೂ ಕೈಯಿಂದ ಮೇಜಿನ ನಡುವಿಗೆ ತಳ್ಳಿದಳು. ಕುರ್ಚಿಯ ಮೇಲೆ ಎದ್ದು ನಿಂತಳು, ಅಜ್ಜನಿಗೆ ಚೆನ್ನಾಗಿ ಕಾಣಲಿ ಎನ್ನುವಂತೆ.

“ಅಜ್ಜಾ,” ಎಂದಳು, “ಇನ್ಮೇಲೆ ನಾನು ಬಲಿತದ್ದೇ ತಿಂತೀನಿ. ಪೊರಕೆ ಕಡ್ಡಿ ಅನ್ನಲ್ಲ, ಉಗಿಯಲ್ಲ. ಆಗ ಅಜ್ಜಿಗೆ ಹೊಡೆಯೋದು ನಿಲ್ಲಿಸ್ತೀಯಾ?”