ತೊಳೆದ ಮರಳು

ಹಿತ್ತಲಿನಲ್ಲಿ ಗಂಡಸರು ಅವಳ ಗಂಡನ ಮೈಗೆ ಕೊನೆಯ ನೀರು ಹಾಕುತ್ತಿರುವಾಗ ಆಯಿಷಾ ಮುಂದಿನ ಕೋಣೆಯಲ್ಲಿ ಕೂತು ಮೀನುಗಳಿಗೆಂದು ಲಾರಿಯ ಹಳೇ ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದಳು. ಸಾವಿನ ಮನೆಯಲ್ಲಿ ಮೀನಿನ ಮಾತೆತ್ತಿಕೊಂಡು ಕತೆ ಶುರುಮಾಡುವುದು ಮರ್ಯಾದೆಯಲ್ಲ, ಓದುವವರು ಕ್ಷಮಿಸಬೇಕು. ಆದರೆ ಆ ಬೆಳಿಗ್ಗೆ ಅವಳ ಕೈಯಲ್ಲಿದ್ದ ಕೆಲಸ ಅದೇ. ಅದನ್ನು ಬಿಟ್ಟು ಹೇಳಿದರೆ ಸುಳ್ಳು ಹೇಳಿದಂತಾಗುತ್ತದೆ.

ಟ್ಯೂಬಿನಿಂದ ಹೊರಟ ಸಣ್ಣ ಕೊಳವೆ ಕಿಟಕಿ ಪಕ್ಕದ ಗಾಜಿನ ತೊಟ್ಟಿಯೊಳಗೆ ಇಳಿದಿತ್ತು. ಅಲ್ಲಿ ಗುಳ್ಳೆ ಏಳುತ್ತಿದ್ದರಷ್ಟೇ ಮೀನುಗಳಿಗೆ ಉಸಿರು. ತೊಟ್ಟಿಯಲ್ಲಿದ್ದದ್ದು ಉಳ್ಳಾಲದ ಕಡಲ ನೀರು, ಕಡಲ ಮರಳು, ಬಂಡೆಯ ಸಂದಿಯಲ್ಲಿ ಹಿಡಿದ ಪಟ್ಟೆಪಟ್ಟೆಯ ನಾಲ್ಕು ಮೀನು. ಗೋಣಿಬೀಡಿನಿಂದ ಕಾಫಿ ಮೂಟೆ ಹೇರಿಕೊಂಡು ಮಂಗಳೂರಿಗೆ ಇಳಿಯುತ್ತಿದ್ದ ಅವಳ ಗಂಡ, ಡ್ರೈವರ್ ನಿಜಾಮುದ್ದೀನ್, ವಾಪಸ್ಸು ಬರುವಾಗ ಕ್ಯಾನುಗಳಲ್ಲಿ ಸಮುದ್ರ ತುಂಬಿಕೊಂಡು ಬರುತ್ತಿದ್ದ. ಹಿಂದಿನ ಸಂಜೆ ಮನೆಯೆದುರು ಲಾರಿ ನಿಲ್ಲಿಸಿದವನು ಇಳಿಯಲಿಲ್ಲ. ಆಯಿಷಾ ಹೋಗಿ ನೋಡಿದಾಗ ಸ್ಟೇರಿಂಗಿನ ಮೇಲೆ ಒರಗಿದ್ದ.

"ಅಲ್ಲಿ ನನ್ನ ತಮ್ಮನಿಗೆ ಕಫನ್ ಬಟ್ಟೆ ತೊಡಿಸ್ತಿದ್ದಾರೆ," ಚಿಕ್ಕಮಗಳೂರಿನಿಂದ ಬಂದಿದ್ದ ಗಂಡನ ಅಕ್ಕ ಅನ್ವರಿ ಬಾಗಿಲಲ್ಲಿ ನಿಂತು ಹೇಳಿದಳು. "ನೀನು ಮೀನಿಗೆ ಗಾಳಿ ಹೊಡೀತಾ ಕೂತಿದ್ದೀಯ. ನೋಡಿದೋರು ಏನಂತಾರೆ?"

"ಬಿಟ್ರೆ ಸಂಜೆವರೆಗೆ ಉಳಿಯಲ್ಲ, ಆಪಾ."

"ಉಳಿದು ಏನಾಗ್ಬೇಕು?"

ಆಯಿಷಾ ಗಾಳಿ ಹೊಡೆಯುತ್ತಲೇ ಇದ್ದಳು. ಅವರಿಗೆ ಮಕ್ಕಳಿರಲಿಲ್ಲ. ಮಂಚ, ಬೀರು, ರೇಡಿಯೋ ಎಲ್ಲವೂ ಅವನಿಲ್ಲದೆಯೂ ಹಾಗೇ ಇರುತ್ತವೆ. ಅವನ ಕೈಯಿಂದ ಜೀವ ಹಿಡಿದುಕೊಂಡಿದ್ದದ್ದು ಈ ತೊಟ್ಟಿಯೊಂದೇ. ಇದು ಉಳಿದರೆ ಅವನು ಪೂರ್ತಿ ಹೋದಂತಲ್ಲ ಎಂದು ಅವಳಿಗೆ ಅನ್ನಿಸಿತ್ತು. ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ?

ನಿಜಾಮುದ್ದೀನನ ತಮ್ಮ, ಬಸ್‌ಸ್ಟ್ಯಾಂಡಿನ ಹತ್ತಿರ ಗ್ಯಾರೇಜಿಟ್ಟಿದ್ದ ಗುಲಾಮ್ ಮುಸ್ತಫಾ ಒಳಗೆ ಬಂದ.

"ಭಾಬಿ, ಅಣ್ಣನ್ನ ಮಲಗಿಸೋಕೆ ಮಂಚ ಇಡಬೇಕು. ಈ ಗಾಜಿನ ಪೆಟ್ಟಿಗೆ ಆಚೆ ಎತ್ತಿಡ್ಲಾ?"

"ಬೇಡ ಮುಸ್ತಫಾ. ಎತ್ತಿದ್ರೆ ಅಡಿ ಮರಳು ಕದಡುತ್ತೆ. ಮಂಚಾನೇ ಓರೆ ಮಾಡಿ ಇಡಿ."

ಅವನು ಅಕ್ಕನ ಮುಖ ನೋಡಿದ. ಅಕ್ಕ ಗೋಡೆಯ ಕಡೆ ತಿರುಗಿದಳು. ಹಾಗಾಗಿ ಮಂಚ ಓರೆಯಾಗಿಯೇ ಕೂತಿತು. ನೋಡಲು ಬಂದವರೆಲ್ಲ ಹೆಣಕ್ಕೂ ಮೀನಿಗೂ ನಡುವೆ ಮೈ ಹಿಡಿ ಮಾಡಿಕೊಂಡು ದಾಟಬೇಕಾಯಿತು.

"ಕಡಲ ನೀರು ಯಾರು ತರ್ತಾರೆ ಇನ್ಮೇಲೆ?" ಆಯಿಷಾ ಮೆಲ್ಲಗೆ ಕೇಳಿದಳು.

"ಕೆಳಗೆ ಹೋಗೋ ಲಾರಿ ಎಷ್ಟಿಲ್ಲ ಭಾಬಿ. ನಾನು ತರಿಸ್ತೀನಿ."

ಜಗಲಿಯಲ್ಲಿ ಗಂಡಸರು ಗುಂಪಾಗಿದ್ದರು. ಪಕ್ಕದ ಮನೆಯ ಬಸವರಾಜಪ್ಪ, ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು.

"ಘಾಟಿ ಗೇಟಲ್ಲಿ ಪೊಲೀಸ್ರು ಇವನನ್ನ ಒಂದ್ಸಲ ತಡೆದ್ರಂತೆ, ಕ್ಯಾನಲ್ಲಿ ಏನೋ ಅಂತ. ಸಮುದ್ರ ಸ್ವಾಮಿ ಅಂದನಂತೆ. ಅವ್ರಿಗೆ ಕಳ್ಳಭಟ್ಟಿ ಗುಮಾನಿ. ಒಬ್ಬ ಮುಚ್ಚಳ ತೆಗೆದು ಗಟಗಟ ಕುಡಿದೇಬಿಟ್ಟ."

"ಆಮೇಲೆ?"

"ಆಮೇಲೇನು, ಇವನೇ ಅವನ ಬೆನ್ನು ಸವರಿ, ಬೆಲ್ಲ ಕೊಟ್ಟು ಕೂರಿಸಿದ್ನಂತೆ. ಮೊದ್ಲೇ ಹೇಳ್ಬಾರ್ದಿತ್ತಾ ಮಾರಾಯ ಅಂದ್ರೆ, ಹೇಳಿದ್ನಲ್ಲ ಅಂದ. ಅಷ್ಟೇ ಮಾತು ಅವನದ್ದು."

ಎರಡು ಮೂರು ಜನ ನಕ್ಕರು. ಎಲ್ಲಿ ಕೂತಿದ್ದೇವೆಂಬುದು ನೆನಪಾಗಿ ಬಾಯಿಗೆ ವಸ್ತ್ರ ಒತ್ತಿಕೊಂಡರು.

ಗಂಡಸರು ಹೆಗಲು ಕೊಟ್ಟು ಹೊರಟ ಮೇಲೆ ಬಸವರಾಜಪ್ಪನ ಹೆಂಡತಿ ಸಾವಿತ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿತ್ತಲ ಬಾಗಿಲಿನಿಂದ ಬಂದರು. "ನೀವೆಲ್ಲ ಅವಳ ಹತ್ರ ಕೂತಿರಿ. ಮನೆ ಕೆಲಸ ನನಗೆ ಬಿಡಿ," ಎಂದರು. ಅವರ ಕಡೆ ಹೆಣ ಹೊಸ್ತಿಲು ದಾಟಿದ ಮೇಲೆ ನೆಲ ತೊಳೆಯಬೇಕು, ಮನೆಯಲ್ಲಿ ನಿಂತ ನೀರೆಲ್ಲ ಚೆಲ್ಲಿ ಹೊಸದು ಸೇದಿ ತುಂಬಬೇಕು. ಆಯಿಷಾಳ ಕಡೆ ಹಾಗೇನಿಲ್ಲ. ಆದರೂ ಒಳಕೋಣೆಯಲ್ಲಿ ಕೂತವಳಿಗೆ ಕೊಡಪಾನದ ಸದ್ದು, ರಾಟೆಯ ಕಿರಕಿರ ಕೇಳಿ, ಮನೆಯಲ್ಲಿ ಯಾರೋ ಓಡಾಡುತ್ತಿದ್ದಾರೆ ಎಂದು ಸಮಾಧಾನವಾಯಿತು. ರಾತ್ರಿಯೆಲ್ಲ ಮುಚ್ಚದ ಕಣ್ಣು ಗೋಡೆಗೆ ಒರಗಿದಲ್ಲೇ ಮುಚ್ಚಿತು.

ಎಚ್ಚರವಾಗಿ ಮುಂದಿನ ಕೋಣೆಗೆ ಬಂದಾಗ ತೊಟ್ಟಿ ಫಳಫಳ ಹೊಳೆಯುತ್ತಿತ್ತು. ನೀರು ಅಷ್ಟು ತಿಳಿಯಾಗಿದ್ದನ್ನು ಅವಳು ಎಂದೂ ನೋಡಿರಲಿಲ್ಲ. ಅಡಿಯ ಮರಳು ತೊಳೆದ ಅಕ್ಕಿನುಚ್ಚಿನ ಹಾಗೆ ಬೆಳ್ಳಗೆ, ಸಮತಟ್ಟಾಗಿ ಹರಡಿತ್ತು. ಮೂರು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಇನ್ನೊಂದು ಮೂಲೆಯಲ್ಲಿ ವಾಲಿಕೊಂಡು ಬಾಯಿ ಬಿಡುತ್ತಿತ್ತು.

"ಅದರ ನೀರೂ ಚೆಲ್ಲಿದೆ ಕಣೆ," ಸಾವಿತ್ರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೇಳಿದರು. "ಸೂತಕದ ನೀರು ಇಡಬಾರ್ದು. ಮರಳಿನ ಅಡಿಯಲ್ಲಿ ಎಂಥ ಕಪ್ಪು, ಎಂಥ ನಾತ ಅಂತೀಯ. ಜನ ಬಂದು ಹೋಗೋ ಮನೆ. ಬಾವಿ ನೀರಲ್ಲಿ ಉಜ್ಜಿ ಉಜ್ಜಿ ತೊಳ್ದೆ. ಉಪ್ಪು ಮರೀಲಿಲ್ಲ ಮತ್ತೆ. ನಿನ್ನ ಡಬ್ಬಿದು ಸಾಲ್ದೆ ನಮ್ಮನೆಯಿಂದಲೂ ತಂದು ಹಾಕಿದೆ. ಅವು ಯಾಕೋ ಮಂಕಾಗಿವೆ. ಹೊಸ ನೀರಲ್ವಾ, ಒಗ್ಗಬೇಕು."

*

ಬೆಟ್ಟದ ಮೇಲಿನ ಅತ್ತಿಗುಂಡಿಯಿಂದ ಮದುವೆಯಾಗಿ ಬಂದ ಹೊಸತರಲ್ಲಿ, ಸಮುದ್ರ ಹೇಗಿರುತ್ತೆ ಎಂದು ಆಯಿಷಾ ಗಂಡನನ್ನು ಕೇಳಿದ್ದಳು. ಕಾಲ ಕೆಳಗೆ ಮೋಡ ನೋಡಿ ಬೆಳೆದವಳು, ಕಡಲು ಕಂಡಿರಲಿಲ್ಲ. "ನಂಗೆ ಹೇಳೋಕೆ ಬರಲ್ಲ," ಎಂದಿದ್ದ ನಿಜಾಮುದ್ದೀನ್. ಸ್ವಲ್ಪ ದಿನ ಬಿಟ್ಟು ಗಾಜಿನ ತೊಟ್ಟಿ, ಮರಳು, ನೀರು, ಮೀನು ಎಲ್ಲವನ್ನೂ ಲಾರಿಯಿಂದ ಇಳಿಸಿದ.

ತಿಂಗಳು ಕಳೆಯುವುದರೊಳಗೆ ಗಾಜಿನ ಅಂಚಿನಲ್ಲಿ ಮರಳು ಕಪ್ಪಗಾಯಿತು. ಕಡ್ಡಿಯಿಂದ ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ. ಗಂಡ ತಂದುಕೊಟ್ಟದ್ದು ತನ್ನ ಕೈಯಲ್ಲಿ ಹೊಲಸಾಯಿತಲ್ಲ ಎಂದು ಅವಳಿಗೆ ನಾಚಿಕೆ. ಅವನು ಲಾರಿಯಲ್ಲಿ ಹೋದ ಒಂದು ದಿನ ಮರಳನ್ನೆಲ್ಲ ತೋಡಿ, ಬಾವಿಕಟ್ಟೆಯ ಮೇಲೆ ಅಕ್ಕಿ ತೊಳೆದ ಹಾಗೆ ತೊಳೆದು, ಮತ್ತೆ ಹರಡಿದಳು. ಅವನು ಬರುವಷ್ಟರಲ್ಲಿ ಒಂದು ಮೀನೂ ಉಳಿದಿರಲಿಲ್ಲ.

ನಿಜಾಮುದ್ದೀನ್ ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತ. ನೀರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದ. ಆಯಿಷಾ ಬಾಗಿಲ ಹಿಂದೆ ನಿಂತು ನೋಡುತ್ತಿದ್ದಳು.

"ವಯಸ್ಸಾಗಿತ್ತೇನೋ ಅವಕ್ಕೆ," ಎಂದ. "ಊಟ ಹಾಕು."

ಮುಂದಿನ ಸಲ ಹೊಸ ಮೀನು, ಹೊಸ ಮರಳು ತಂದ. ಅಲ್ಲಿಂದಾಚೆ ಶುಕ್ರವಾರದ ನಮಾಜು ಮುಗಿಸಿ ಬಂದು, ರಬ್ಬರ್ ಕೊಳವೆ ಬಾಯಲ್ಲಿ ಹೀರಿ ತೊಟ್ಟಿಯ ನೀರನ್ನು ಬಕೆಟ್ಟಿಗೆ ಬಿಡುತ್ತಿದ್ದ. ಕೊಳವೆಯ ತುದಿ ಮರಳಿಗೆ ತಾಗಿಯೂ ತಾಗದ ಹಾಗೆ ಆಡಿಸಿ, ಮೇಲಿನ ಕೊಳೆಯಷ್ಟನ್ನೇ ತೆಗೆಯುತ್ತಿದ್ದ. ಒಂದು ವಾರ ಒಂದು ಮೂಲೆ, ಮುಂದಿನ ವಾರ ಇನ್ನೊಂದು.

ವರ್ಷಗಳಾದ ಮೇಲೆ ಒಮ್ಮೆ ಅವಳು ಕೇಳಿದಳು, "ಎಲ್ಲಾ ಒಂದೇ ಸಲ ಮಾಡಿ ಮುಗಿಸಬಾರ್ದಾ?"

"ಮರಳೊಳಗೂ ಜೀವ ಇರುತ್ತಂತೆ, ಕಣ್ಣಿಗೆ ಕಾಣದ್ದು. ನೀರು ಕಾಯೋದು ಅದೇ ಅಂತೆ. ಪೂರಾ ತೊಳೆದುಬಿಟ್ರೆ ಅದು ಸಾಯುತ್ತೆ, ಆಮೇಲೆ ಮೀನು. ಮಂಗಳೂರಲ್ಲಿ ಒಬ್ರು ಹೇಳಿದ್ರು."

ಅಕ್ಕಿ ಕೇರುತ್ತಿದ್ದ ಅವಳ ಮೊರ ನಿಂತಿತು. ಅವನು ತಿರುಗಲಿಲ್ಲ. ನಾನು ತೊಳೆದದ್ದು ನಿಮಗೆ ಅವತ್ತೇ ಗೊತ್ತಿತ್ತಾ ಎಂದು ಕೇಳಬೇಕೆನ್ನಿಸಿತು. ಆ ದಿನ ಕೇಳಲಿಲ್ಲ. ಆಮೇಲೂ ಕೇಳಲಿಲ್ಲ.

*

ಮುಸ್ತಫಾ ಒಳಗೆ ಬಂದಾಗ ಅವನ ಪಾದಗಳಿಗೆ ಗೋರಿಯ ಕೆಂಪು ಮಣ್ಣು ಮೆತ್ತಿತ್ತು. ತೊಟ್ಟಿ ನೋಡಿ ಅಲ್ಲೇ ನಿಂತ.

"ಭಾಬಿ, ಇದನ್ನ ಯಾರು..."

"ನಾನಪ್ಪ," ಸಾವಿತ್ರಮ್ಮ ಅವನ ಮುಖ ನೋಡಿದರು. "ಯಾಕೆ, ಏನಾದ್ರೂ ತಪ್ಪಾಯ್ತಾ?"

ಮೂಲೆಯ ಮೀನೂ ಅಷ್ಟರಲ್ಲಿ ಮಗುಚಿತ್ತು. ಆಯಿಷಾ ತೊಟ್ಟಿಯ ಅಂಚು ಹಿಡಿದಳು. ಮಣ್ಣಿಗೆ ಹೋದವನನ್ನು ಇನ್ನೊಂದು ಸಲ ಕಳಿಸಿದ ಹಾಗಿತ್ತು. ಕೈ ಮುಟ್ಟಿಸಲು ಯಾರು ಹೇಳಿದ್ದರು ಎಂದು ಕೂಗಬೇಕೆನ್ನಿಸಿತು. ಕೂಗಿದರೆ ತಪ್ಪೂ ಅಲ್ಲ. ಅವಳು ಸಾವಿತ್ರಮ್ಮನ ಕೈ ನೋಡಿದಳು. ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿತ್ತು, ಗೆಣ್ಣಿನ ಚರ್ಮ ಕಿತ್ತಿತ್ತು, ಉಗುರಿನ ಸಂದಿಯಲ್ಲೆಲ್ಲ ಮರಳು.

"ಇಲ್ಲ ಸಾವಿತ್ರಕ್ಕ," ಎಂದಳು. "ವಯಸ್ಸಾಗಿತ್ತು ಅವಕ್ಕೆ. ಇವ್ರೂ ಹೇಳ್ತಿದ್ರು."

ಮುಸ್ತಫಾ ಗೋಡೆ ನೋಡುತ್ತಾ ಹೇಳಿದ. "ಹೌದು. ನನಗೂ ಹೇಳಿದ್ದ."

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಸಾವಿತ್ರಮ್ಮ ತಮ್ಮ ಮನೆಯಿಂದ ಅನ್ನ, ತಿಳಿಸಾರು ತಂದಿದ್ದರು. ಆಯಿಷಾ ತಟ್ಟೆ ಮುಟ್ಟದಿದ್ದಾಗ ತಾವೇ ಕೈ ತೊಳೆದು ಬಂದು ಕಲಸಿದರು.

"ಬಾಯಿ ತೆಗಿ ಮಾರಾಯ್ತಿ. ನಿನ್ನೆಯಿಂದ ನೀರೂ ಕುಡಿದಿಲ್ಲ ನೀನು."

ಮೊದಲ ತುತ್ತು ಇಳಿಯಿತು. ಎರಡನೆಯದರಲ್ಲಿ ಹಲ್ಲಿನ ನಡುವೆ ಮರಳು ಕರಕ್ಕೆಂದಿತು. ಆಯಿಷಾ ಉಗಿಯಲಿಲ್ಲ. ನಿಧಾನವಾಗಿ ಅಗಿದು ನುಂಗಿದಳು.

ಸಾವಿತ್ರಮ್ಮನ ಕೈ ಅರ್ಧದಲ್ಲಿ ನಿಂತಿತು. "ಕಲ್ಲು ಸಿಕ್ತಾ?"

"ಇಲ್ಲಕ್ಕ. ಇನ್ನೊಂದು ತುತ್ತು ಕೊಡಿ."

ನಿಜಾಮುದ್ದೀನ್ ಅಂದು ಎಲ್ಲ ತಿಳಿದೇ ಹಾಗೆ ಹೇಳಿದನೋ, ಮೀನಿಗೆ ನಿಜವಾಗಿ ವಯಸ್ಸಾಗಿದೆ ಎಂದುಕೊಂಡನೋ, ಇನ್ನು ತಿಳಿಯುವುದಿಲ್ಲ. ಸಾವಿತ್ರಮ್ಮನಿಗೆ ಈಗ ಎಷ್ಟು ತಿಳಿಯಿತು ಎಂಬುದೂ ತಿಳಿಯದು. ಅವರು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಸರಿಸಿಕೊಂಡು, ಮುಂದಿನ ತುತ್ತಿನ ಒಂದೊಂದು ಅಗುಳನ್ನೂ ಬೆರಳಿನಿಂದ ತಡವಿ ತಡವಿ ನೋಡತೊಡಗಿದರು.