ಪಾಠ ಒಪ್ಪಿಸಲು ಒಬ್ಬರು

ಶಹಾಪುರದ ಬಸ್ ನಿಲ್ದಾಣದ ಎದುರಿನ ಕಂಪ್ಯೂಟರ್ ಅಂಗಡಿಯಲ್ಲಿ ಪಂಚಶೀಲಾ ಮತ್ತು ಆಸ್ಮಾ ನಾಲ್ಕು ವರ್ಷ ಅಕ್ಕಪಕ್ಕ ಕೂತು ಊರವರ ಅರ್ಜಿ ತುಂಬಿದ್ದರು. ಪಹಣಿ, ಪಿಂಚಣಿ, ಜಾತಿ ಪ್ರಮಾಣಪತ್ರ, ಒಂದೇ ಎರಡೇ. ಸರ್ವರ್ ಕೈಕೊಟ್ಟರೆ ಬೈಗುಳ ಮಾತ್ರ ಇವರಿಗೆ. ಯಾರೋ ಮಾಡಿಟ್ಟ ವೆಬ್ ಪುಟದಲ್ಲಿ ಹೆಸರು ತುಂಬಿದ್ದು ಸಾಕು, ಪುಟ ಮಾಡುವುದನ್ನೇ ಕಲಿಯೋಣ ಎಂದು ಹಟ ಹಿಡಿದವಳು ಆಸ್ಮಾ.

ಅಂಗಡಿ ಮುಚ್ಚುವುದು ಆರಕ್ಕೆ, ದೋರನಹಳ್ಳಿಗೆ ಪಂಚಶೀಲಾಳ ಬಸ್ಸು ಏಳಕ್ಕೆ. ನಡುವಿನ ಆ ಒಂದು ತಾಸು ಇಬ್ಬರದು. ಐದು ದಿನ ವಿಡಿಯೊ ನೋಡಿ ಕಲಿಯುವುದು, ಶನಿವಾರ ಒಬ್ಬರಿಗೊಬ್ಬರು ಒಪ್ಪಿಸುವುದು. ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ, ಪರದೆ ಆರಿಸಿ, ಬಾಯಿಂದ. ಒಪ್ಪಿಸದೆ ಮುಂದಿನ ಪಾಠ ಇಲ್ಲ ಎಂಬುದು ಕರಾರು. ಆಸ್ಮಾ ಅದೆಂಥ ಕಟ್ಟುನಿಟ್ಟಿನ ಶಾಲೆಯ ಅಕ್ಕೋರೆಂದರೆ, ಒಂದು ಕಡೆ ತೊದಲಿದರೂ "ಮತ್ತ ಹೇಳು" ಅನ್ನುತ್ತಿದ್ದಳು. ಪಂಚಶೀಲಾ ಅವಳನ್ನು ಬೈಯುತ್ತಲೇ ಕಲಿತಳು.

ಆಮೇಲೆ ಆಸ್ಮಾ ಮದುವೆಯಾಗಿ ಯಾದಗಿರಿಗೆ ಹೋದಳು. ಒಪ್ಪಿಸಿಕೊಳ್ಳುವವರಿಲ್ಲದ ಕಲಿಕೆ ಬಲು ಸಲೀಸು. ವಿಡಿಯೊ ಮುಗಿದರೆ ನೋಟ್‌ಬುಕ್ಕಿನಲ್ಲಿ ಒಂದು ಟಿಕ್. ಎರಡು ತಿಂಗಳಲ್ಲಿ ನಲವತ್ತು ಟಿಕ್ ಬಿದ್ದವು. ಒಂದು ಸಂಜೆ, ಬೋನಾಳ ಕೆರೆಯ ಹಕ್ಕಿಗಳ ಬಗ್ಗೆ ಸಣ್ಣದೊಂದು ಪುಟ ಮಾಡೋಣವೆಂದು ಪಂಚಶೀಲಾ ಖಾಲಿ ಫೈಲ್ ತೆರೆದಳು. ಬಸ್ಸಿನ ಹೊತ್ತಾದರೂ ಫೈಲ್ ಖಾಲಿಯೇ ಇತ್ತು. ನೋಡಿ ತಿಳಿ, ಮಾಡಿ ಕಲಿ ಅನ್ನುತ್ತಾರೆ. ಇವಳದು ಬರೀ ನೋಡಿದ್ದಾಗಿತ್ತು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಅತ್ತದ್ದು ಪಾಠ ಮರೆತದ್ದಕ್ಕಲ್ಲ, ಆಸ್ಮಾ ಇಲ್ಲದ್ದಕ್ಕೆ.

ಮರುವಾರದಿಂದ ಟಿಕ್ ಹಾಕುವುದನ್ನು ಬಿಟ್ಟಳು. ಮೊದಲ ಪಾಠದಿಂದ ಮತ್ತೆ ಶುರು ಮಾಡಿ, ಪ್ರತಿ ಶನಿವಾರ ತನ್ನ ದನಿ ರೆಕಾರ್ಡ್ ಮಾಡಿ ಆಸ್ಮಾಳ ಫೋನಿಗೆ ಒಪ್ಪಿಸತೊಡಗಿದಳು. ತಡವರಿಸಿದ ಕಡೆ ಅಳಿಸಿ, ಮಾಡಿ ನೋಡಿ, ಮತ್ತೆ ಹೇಳುವಳು. ಮೂರನೆಯ ಶನಿವಾರದ್ದು, ದೊಡ್ಡ ಪರದೆಯಲ್ಲಿ ಸಾಲಾಗಿ ನಿಂತ ಪುಟದ ಚೌಕಗಳು ಫೋನಿನ ಸಣ್ಣ ಪರದೆಯಲ್ಲಿ ಒಂದರ ಕೆಳಗೊಂದು ಇಳಿಯುವಂತೆ ಮಾಡುವ ಪಾಠ. ಅದಕ್ಕಂತೂ ಏಳು ಸಲ ಹೇಳಬೇಕಾಯಿತು. ಹಕ್ಕಿಗಳ ಪುಟ ನಿಧಾನವಾಗಿ ಮೇಲೆದ್ದಿತು.

ಆದರೆ ಯಾದಗಿರಿಯಿಂದ ಸದ್ದಿಲ್ಲ. ಮೊದಲ ಮೂರನ್ನು ಆಸ್ಮಾ ಕೇಳಿದ್ದಾಳೆಂದು ಫೋನಿನ ನೀಲಿ ಗುರುತು ತೋರಿಸುತ್ತಿತ್ತು. ಆಮೇಲಿನ ಎಂಟನ್ನು ಅವಳು ಮುಟ್ಟಿಯೇ ಇರಲಿಲ್ಲ. ಒಮ್ಮೆ ಕರೆ ಮಾಡಿದಾಗ, ಅತ್ತೆಗೆ ಲಕ್ವಾ ಹೊಡೆದಿದೆ, ಆಮೇಲೆ ಮಾತಾಡುವೆ ಎಂದಿದ್ದಳು. ಆ ಆಮೇಲೆ ಬರಲೇ ಇಲ್ಲ. ಹೊಸ ಮನೆ, ಕೈತುಂಬ ಕೆಲಸ. ಹಳೆಯ ಗೆಳತಿಯ ಪುರಾಣ ಯಾರಿಗೆ ಬೇಕು ಅಂದುಕೊಂಡಳು ಪಂಚಶೀಲಾ. ಹನ್ನೆರಡನೆಯ ಶನಿವಾರ ಪಾಠದ ಬದಲು ಎರಡು ಸಾಲು ಬರೆದು ಕಳಿಸಿದಳು: ಇನ್ನ ಕಳಸಂಗಿಲ್ಲ ಆಸ್ಮಾ, ನಿನಗ ಸುಮ್ಮನ ತ್ರಾಸು ಕೊಟ್ಟೆ.

ಶಟರ್ ಎಳೆಯಬೇಕೆನ್ನುವಷ್ಟರಲ್ಲಿ ಉತ್ತರ ಬಂತು. ಆಸ್ಮಾಳದೇ ದನಿ, ಹಿಂದೆ ಕುಕ್ಕರಿನ ಸೀಟಿ.

"ನಿಲ್ಲಿಸಬ್ಯಾಡ ಶೀಲಾ. ಅತ್ತೆಯವರಿಗೆ ಗಂಜಿ ಕುಡಿಸಿದ ಮ್ಯಾಲ ದಿನಕ್ಕ ಹತ್ತು ನಿಮಿಷ ಸಿಗತಾವ ನನಗ. ನೀ ಹೇಳಿದ ಕೋಡ್ ಫೋನಿನಾಗ ಬರದು ಬರದು ನೋಡಾಕತ್ತೇನಿ. ಚೌಕ ಕೆಳಗ ಇಳಿಯೋದು ಬರವಲ್ದು. ಅದನ್ನ ಒಪ್ಪಿಸದ ಮುಂದಿಂದು ಹ್ಯಾಂಗ ಕೇಳಲಿ? ನಾ ಇನ್ನ ಮೂರನೇ ಶನಿವಾರದಾಗ ಅದೀನಿ."

ಏಳರ ಬಸ್ಸು ಹೋಯಿತು. ಪಂಚಶೀಲಾ ಕಣ್ಣೊರೆಸಿಕೊಂಡು ಮತ್ತೆ ಕುರ್ಚಿಗೆ ಬಂದು, ಮೂರನೆಯ ಶನಿವಾರದ ಪಾಠವನ್ನೇ ಮೊದಲಿನಿಂದ, ಈ ಸಲ ನಿಧಾನವಾಗಿ ಹೇಳಿದಳು. ಮುಗಿದ ಮೇಲೆ, "ಈಗ ನೀ ಒಪ್ಪಸು, ನಾ ಕೇಳತೇನಿ" ಎಂದಳು.