ಉದ್ದವ್ವನ ಬಾಗಿಲ ಮುಂದಿನ ಜಾಗ

ಐವತ್ತೆಂಟನೇ ಇಸವಿಯಲ್ಲಿ ಗೋಕಾಕದ ನಮ್ಮ ಓಣಿಯಲ್ಲಿ ಎಷ್ಟು ಚಕ್ಕಡಿ ನಿಲ್ಲುತ್ತಿದ್ದವೆಂದರೆ, ನಾನು ನೆಲಕ್ಕೆ ಕಾಲಿಡದೆ, ಚಕ್ಕಡಿಯಿಂದ ಚಕ್ಕಡಿಗೆ ದಾಟುತ್ತ ಓಣಿಯ ಕೊನೆಯ ಮನೆಗೆ ಹೋಗಿ ಮಜ್ಜಿಗೆ ಕುಡಿದು ಬರುತ್ತಿದ್ದೆ. ಪುರಸಭೆಗೆ ಇದು ಸೇರಲಿಲ್ಲ. ಓಣಿಯಲ್ಲಿ ಸ್ವಂತ ಮನೆ ಇದ್ದವರ ಚಕ್ಕಡಿಗೆ ಮಾತ್ರ ತಗಡಿನ ಬಿಲ್ಲೆ, ಬಿಲ್ಲೆ ಇಲ್ಲದ್ದೆಲ್ಲ ಹೊಳೆದಂಡೆಗೆ ಎಂದು ಡಂಗುರ ಹೊಡೆಸಿತು.

ಅಂದೇ ಬಾಜೂಮನೆಯ ಉದ್ದವ್ವ ನನ್ನ ಕಟ್ಟೆಗೆ ಬಂದು ಕೂತಳು. ಅವಳಿಗೆ ಮನೆ ಇತ್ತು, ಚಕ್ಕಡಿ ಇರಲಿಲ್ಲ. ತುಕ್ಕಾನಟ್ಟಿಯಿಂದ ಪ್ರತಿ ಸಂತೆಗೆ ಬೆಲ್ಲ ತರುವ ಅವಳ ತಮ್ಮ ಕರೆಪ್ಪನಿಗೆ ಚಕ್ಕಡಿ ಇತ್ತು, ಇಲ್ಲಿ ಮನೆ ಇರಲಿಲ್ಲ. ಎತ್ತು ಕಣ್ಣೆದುರಿಗೆ ಇಲ್ಲದಿದ್ದರೆ ಕರೆಪ್ಪನ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ.

"ಹೊಳಿದಂಡಿಗೆ ನಿಂತ್ರ ಅಲ್ಲೇ ಒಣಾ ರೊಟ್ಟಿ ಕಡದು ಹೊಕ್ಕಾನ. ವಾರಕ್ಕೊಮ್ಮೆ ತಮ್ಮಗ ಬಿಸಿ ಅನ್ನ ಹಾಕೂದೂ ತಪ್ಪಿತು ನೋಡ," ಎಂದಳು. ನಾನು ಕೆತ್ತುತ್ತಿದ್ದ ಗೊಂಬೆ ಎತ್ತನ್ನು ನೋಡಿದಳು. "ಮಾಲಿಂಗಪ್ಪಣ್ಣ, ಅಂಗೈಯಷ್ಟ ಎತ್ತು ಮಾಡ್ತಿ. ಆಳೆತ್ತರದ್ದು ಮಾಡಾಕ ಏನ್ ಧಾಡಿ?"

ಬಿಲ್ಲೆ ಸಿಕ್ಕರೆ ಬಾಗಿಲ ಮುಂದಿನ ಜಾಗ ತಮ್ಮನಿಗೆ ಉಳಿಯುತ್ತದೆ ಎಂಬುದು ಅವಳ ಲೆಕ್ಕ. ಎಂಟೇ ದಿನಗಳಲ್ಲಿ ಮಾಡಿದೆ. ಗೊಂಬೆಯ ಹಗುರ ಕಟ್ಟಿಗೆಯದೇ ಒಂದು ಚಕ್ಕಡಿ, ಎರಡು ಬಿಳಿ ಎತ್ತು. ಎಷ್ಟು ಚೆನ್ನಾಗಿ ಬಂದವೆಂದರೆ ಬಾಲ ಹಚ್ಚುವ ಮೊದಲೇ ನೊಣ ಮುತ್ತಿದವು.

ಸೋಮವಾರ ಮುಂಜಾನೆ ಪುರಸಭೆಯ ಮುಕಾದಮ ರಾಚಪ್ಪ ಬಿಲ್ಲೆಗಳ ಚೀಲ, ಸುತ್ತಿಗೆ ಹಿಡಿದು ತಪಾಸಣೆಗೆ ಬಂದ. ಹಣೆತುಂಬ ವಿಭೂತಿ. ಎತ್ತಿನ ಸುತ್ತ ಎರಡು ಸುತ್ತು ಹಾಕಿದ.

"ಎತ್ತು ಭಾಳ ಶಾಂತ ಅದಾವ."

"ನನ್ನಂಗರಿ," ಎಂದಳು ಉದ್ದವ್ವ. ಓಣಿಯ ಜನರಿಗೆಲ್ಲ ಒಮ್ಮೆಲೇ ಕೆಮ್ಮು ಬಂತು.

"ಹೂಡಿ ನಾಕ ಹೆಜ್ಜಿ ನಡಸ್ರಿ. ನಡೆಯೂ ಚಕ್ಕಡಿಗೆ ಅಷ್ಟ ಬಿಲ್ಲೆ."

ನಾನು ಮೆಲ್ಲಗೆ ಚಕ್ಕಡಿಯ ಹಿಂದೆ ಸರಿದೆ. ಉದ್ದವ್ವನ ಮುಖ ಮಾತ್ರ ಅಲುಗಲಿಲ್ಲ.

"ಹೂಡ್ತೇವ್ರಿ ಮುಕಾದಮರ. ಆದ್ರ ಇವತ್ತ ಸೋಮವಾರ. ಬಸವಣ್ಣನ ಕೊಳ್ಳಾಗ ನೊಗಾ ಇಡು ಅಂತ ನೀವ ಹೇಳಿದ್ರ ಇಡ್ತೇವಿ. ಪಾಪ ನಿಮಗ."

ಸೋಮವಾರ ನಮ್ಮ ಕಡೆ ಎತ್ತಿಗೆ ಬಿಡುವು. ಹೂಡುವ ಮಾತೇ ಇಲ್ಲ. ರಾಚಪ್ಪನ ಕೈ ತಾನಾಗಿ ಕೊರಳ ಲಿಂಗಕ್ಕೆ ಹೋಯಿತು. "ಕೆಲಸದ ಗದ್ದಲದಾಗ ಮರತನಿ," ಎಂದು ಗಲ್ಲ ಬಡಿದುಕೊಂಡು, ಎತ್ತಿನ ಕಾಲಿಗೆ ಹಣೆ ಹಚ್ಚಿದ. ಬಣ್ಣ ಇನ್ನೂ ಹಸಿ, ಹಣೆಗೆ ಅಂಟಿತು. ವಿಭೂತಿಯೂ ಬಿಳಿ, ಬಣ್ಣವೂ ಬಿಳಿ. ನಾವು ಹೇಳಲು ಹೋಗಲಿಲ್ಲ. ತನ್ನ ಕೈಯಿಂದಲೇ ಚಕ್ಕಡಿಗೆ ಬಿಲ್ಲೆ ಜಡಿದು ಹೋದ.

ಸಂತೆಯ ದಿನ ಕರೆಪ್ಪನ ಚಕ್ಕಡಿ ಬಂತು. ನೋಡಿದರೆ ಉದ್ದವ್ವನ ಬಾಗಿಲ ಮುಂದಿನ ಜಾಗದಲ್ಲಿ ಬಿಲ್ಲೆಯ ಚಕ್ಕಡಿಯೇ ನಿಂತಿದೆ. ಇದನ್ನು ನಾವು ಯಾರೂ ಯೋಚಿಸಿರಲಿಲ್ಲ. ನಾಲ್ಕು ಜನ ಹಗ್ಗ ಕಟ್ಟಿ, ಕಟ್ಟಿಗೆಯ ಎತ್ತು ಸಮೇತ ಎಲ್ಲವನ್ನೂ ಉದ್ದವ್ವನ ಮಾಳಿಗೆಗೆ ಎಳೆದು ಹಾಕಿದೆವು.

ಕರೆಪ್ಪ ತನ್ನ ಎತ್ತುಗಳ ನೊಗ ಬಿಚ್ಚಿ ಬಾಗಿಲ ಮುಂದೆ ಕಟ್ಟಿ, ಹೊಸ್ತಿಲ ಒಳಗೆ ಗಂಗಾಳದ ಮುಂದೆ ಕೂತ. ಮೊದಲ ತುತ್ತು ಬಾಯಿಯ ಹತ್ತಿರ ಬಂದಿತ್ತು. ಅಷ್ಟರಲ್ಲಿ ರಾಚಪ್ಪ ಬಂದು ಅವನ ಎತ್ತಿನ ಹಗ್ಗ ಹಿಡಿದ.

"ಇದರ ಬಿಲ್ಲೆ ಎಲ್ಲೈತಿ?"

ಕರೆಪ್ಪನ ಕೈ ಗಾಳಿಯಲ್ಲೇ ನಿಂತಿತು.

"ಜಾಗಾ ನನ್ನ ಚಕ್ಕಡಿದರಿ," ಎಂದು ಉದ್ದವ್ವ ಮೇಲೆ ಬೆರಳು ಮಾಡಿದಳು. "ಅದು ಬಿಸಲ ಕಾಯಸಾಕ ಮ್ಯಾಲ ಹೋಗೇತಿ. ತಿರುಗಿ ಬರೂತನಕ ನಮ್ಮ ತಮ್ಮ ಜಾಗಾ ಕಾಯಾಕತ್ತಾನ."

ರಾಚಪ್ಪ ಕತ್ತೆತ್ತಿದ. ಮಾಳಿಗೆಯಂಚಿನಿಂದ ಎರಡು ಬಿಳಿ ಎತ್ತು ಅವನನ್ನೇ ನೋಡುತ್ತಿದ್ದವು.

"ಹೆಂಗ ಏರಿದ್ವು?"

"ಪಾವಟಿಗಿ ಮ್ಯಾಲ," ಎಂದೆ ನಾನು.

ಅವನು ಬಹಳ ಹೊತ್ತು ಮೇಲೆ ನೋಡಿದ. ಹಣೆ ಮುಟ್ಟಿಕೊಂಡ, ಮೂರು ದಿನ ತೊಳೆದರೂ ಹೋಗದ ಬಣ್ಣ ಅಲ್ಲಿತ್ತು. ಆಮೇಲೆ ಒಳಗೆ ನೋಡಿದ. ಕರೆಪ್ಪನ ತುತ್ತಿನ ಆವಿ ಆರುತ್ತಿತ್ತು. ಅವನ ಕಣ್ಣು ರಾಚಪ್ಪ ಹಿಡಿದ ಹಗ್ಗದ ಮೇಲೆಯೇ ಇತ್ತು.

ರಾಚಪ್ಪ ಹಗ್ಗ ಬಿಟ್ಟ.

"ಉಣ್ಣೋ ಮಾರಾಯಾ, ಅನ್ನ ಆರತೈತಿ," ಎಂದು ಕಟ್ಟೆಯ ಮೇಲೆ ಕೂತು ರುಮಾಲು ತೆಗೆದಿಟ್ಟ. "ಉದ್ದವ್ವಕ್ಕ, ನನಗೂ ಒಂದೀಟ ಹಾಕು. ಎತ್ತ ನಾ ನೋಡ್ತೀನಿ. ಕೆಳಗಿನವೂ, ಮ್ಯಾಲಿನವೂ."